ಗುಡುಗುಮೋಡವೂ ವಿಮಾನವೂ: ಒಂದು ಸುದ್ದಿಯ ಚರಿತ್ರೆ

ಗುಡುಗುಮೋಡವನ್ನು ಎದುರಿಸಿ ಗೆಲ್ಲುವ ಬಗೆಯನ್ನು ವಿಮಾನಯಾನ ಇಂದಿಗೂ ಕಂಡುಕೊಂಡಿಲ್ಲ. ಎಂಬತ್ತು ವರ್ಷಗಳಿಂದ ವಿಮಾನಯಾನ ಕಲಿತಿರುವುದೆಲ್ಲ ಅದರಿಂದ ಸರಿದು ಹೋಗುವ ಬಗೆಯನ್ನೇ. ಈ ಕಲಿಕೆಯ ದಾರಿಯಲ್ಲಿ ಮೋಡದ ಬಲ ಎಷ್ಟು ಅಡ್ಡಬಂದಿತೋ, ಮೋಡವನ್ನು ಕಂಡವರ ಮಾತು ತೀರ್ಮಾನ ಕೈಗೊಳ್ಳಬೇಕಾದವರಿಗೆ ಹೊತ್ತಿಗೆ ಸರಿಯಾಗಿ ಮುಟ್ಟದೆ ಹೋದದ್ದೂ ಅಷ್ಟೇ ಅಡ್ಡಬಂದಿತು. ಹಾಗಾಗಿ ಇದನ್ನು ಯಂತ್ರಗಳ ಚರಿತ್ರೆಯಾಗಿ ಮಾತ್ರ ಬರೆದರೆ ಅರ್ಧ ಸಂಗತಿ ಬಿಟ್ಟುಹೋಗುತ್ತದೆ.

ಎರಡನೆಯ ಮಹಾಯುದ್ಧದವರೆಗೆ ಈ ಮೋಡದ ಒಳಗಿನ ವಿದ್ಯಮಾನದ ಬಗ್ಗೆ ಅಳತೆಗೆ ಸಿಕ್ಕ ತಿಳಿವಳಿಕೆ ತೀರ ಕಡಿಮೆ. 1940ರ ಆಗಸ್ಟ್ 31ರಂದು ಅಮೆರಿಕದ ವರ್ಜೀನಿಯಾದ ಲವೆಟ್ಸ್‌ವಿಲ್ ಬಳಿ ಗುಡುಗುಮಳೆಯ ನಡುವೆ ಡಿಸಿ-3 ವಿಮಾನವೊಂದು ಬಿದ್ದು, ಸೆನೆಟರ್ ಅರ್ನೆಸ್ಟ್ ಲುಂಡೀನ್ ಸೇರಿ 25 ಮಂದಿ ಸತ್ತ ಮೇಲೆ ಈ ಅಜ್ಞಾನ ಅಲ್ಲಿನ ರಾಜಕಾರಣಕ್ಕೂ ತಟ್ಟಿತು. ಯುದ್ಧ ಮುಗಿಯುತ್ತಲೇ ಹವಾಮಾನ ಇಲಾಖೆ, ಭೂಸೇನೆಯ ವಾಯುದಳ, ನೌಕಾಪಡೆ ಮತ್ತು ವಿಮಾನ ಸಂಶೋಧನೆಯ ರಾಷ್ಟ್ರೀಯ ಸಮಿತಿ ಒಂದಾಗಿ, ಷಿಕಾಗೊ ವಿಶ್ವವಿದ್ಯಾಲಯದ ಹೊರೇಸ್ ಬೈಯರ್ಸ್ ಅವರ ಮುಂದಾಳುತನದಲ್ಲಿ ‘ಥಂಡರ್‌ಸ್ಟಾರ್ಮ್ ಪ್ರಾಜೆಕ್ಟ್’ ಕೈಗೆತ್ತಿಕೊಂಡವು. 1946ರಲ್ಲಿ ಫ್ಲಾರಿಡಾದಲ್ಲೂ 1947ರಲ್ಲಿ ಒಹಾಯೊದಲ್ಲೂ ಪಿ-61 ಯುದ್ಧವಿಮಾನಗಳು 5,000 ಅಡಿಯಿಂದ 25,000 ಅಡಿಯವರೆಗೆ ಐದು ಮಟ್ಟಗಳಲ್ಲಿ, ಒಂದರ ಮೇಲೊಂದರಂತೆ, ಒಂದೇ ಮೋಡದೊಳಕ್ಕೆ ನುಗ್ಗುತ್ತಿದ್ದವು. ಗಾಳಿ ವಿಮಾನವನ್ನು ಎತ್ತಿದಷ್ಟು ಏರಲಿ, ತಳ್ಳಿದಷ್ಟು ಇಳಿಯಲಿ, ಎತ್ತರವನ್ನು ಸರಿಪಡಿಸಲು ಹೋಗಬಾರದು ಎಂಬುದು ಪೈಲಟ್‌ಗಳಿಗಿದ್ದ ಸೂಚನೆ, ಏಕೆಂದರೆ ಆ ಏರಿಳಿತವೇ ಗಾಳಿಯ ವೇಗದ ಅಳತೆಯಾಗಿತ್ತು. ನೆಲದ ಮೇಲಿನ ರೇಡಾರ್ ನಿರ್ವಾಹಕರು ವಿಮಾನಗಳನ್ನು ಮೋಡದ ನಟ್ಟನಡುವಿಗೇ ಕಳಿಸುತ್ತಿದ್ದರು; ಇಂದಿನ ವಾಯುಸಂಚಾರ ನಿಯಂತ್ರಕರ ಕೆಲಸಕ್ಕೆ ಇದಕ್ಕಿಂತ ತಿರುಗುಮುರುಗಾದದ್ದು ಇನ್ನೊಂದಿರಲಾರದು. 1,362 ಬಾರಿ ಹೀಗೆ ಹಾಯ್ದರೂ ಮೋಡದೊಳಗೆ ಒಂದು ವಿಮಾನವೂ ಕಳೆದುಹೋಗಲಿಲ್ಲ.

1949ರಲ್ಲಿ ಬೈಯರ್ಸ್ ಮತ್ತು ರಾಸ್ಕೊ ಬ್ರಹಾಂ ಪ್ರಕಟಿಸಿದ ವರದಿ ಗುಡುಗುಮೋಡದ ಒಂದೊಂದು ಘಟಕಕ್ಕೂ ಮೂರು ಅವಸ್ಥೆಗಳಿವೆಯೆಂದು ತೋರಿಸಿತು: ಬಿಸಿಗಾಳಿ ಮೇಲೇರುತ್ತಲೇ ಇರುವ ಬೆಳವಣಿಗೆಯ ಹಂತ, ಮಳೆಯ ಜೊತೆಗೆ ತಣ್ಣನೆಯ ಗಾಳಿಯೂ ಕೆಳಗೆ ಧುಮುಕತೊಡಗುವ ಪ್ರೌಢ ಹಂತ, ಬರಿಯ ಇಳಿಗಾಳಿ ಉಳಿದು ಮೋಡ ಕರಗುವ ಕೊನೆಯ ಹಂತ. ಇಳಿಗಾಳಿ ನೆಲ ಮುಟ್ಟಿ ಸುತ್ತಲೂ ಹರಡುವುದನ್ನೂ ಅವರು ಅಳೆದಿದ್ದರು, ಆದರೆ ಇಳಿಯುತ್ತಿರುವ ವಿಮಾನಕ್ಕೆ ಅದು ಏನು ಮಾಡೀತು ಎಂಬ ಪ್ರಶ್ನೆ ಇನ್ನೂ ಕಾಲು ಶತಮಾನ ಹಾಗೆಯೇ ಉಳಿಯಿತು.

ಭಾರತಕ್ಕೆ ಈ ಪಾಠ ಬಂದದ್ದು ಕಲ್ಕತ್ತಾದ ಕಾಲಬೈಶಾಖಿಯ ಮೂಲಕ. ಚೈತ್ರ ವೈಶಾಖಗಳ ಸಂಜೆ ವಾಯವ್ಯದಿಂದ ಏಕಾಏಕಿ ಬಂದೆರಗುವ ಈ ಬಿರುಗಾಳಿ ಮಳೆಯ ನಡುವೆ, 1953ರ ಮೇ 2ರಂದು, ಡಂಡಂ ನಿಲ್ದಾಣದಿಂದ ದೆಹಲಿಗೆ ಹೊರಟ ಬಿಒಎಸಿ ಸಂಸ್ಥೆಯ ಕಾಮೆಟ್ ಜೆಟ್ ಮೇಲೆದ್ದ ಆರೇಳು ನಿಮಿಷಗಳಲ್ಲಿ ಛಿದ್ರವಾಗಿ ಜಗಲ್‌ಗೊರಿ ಎಂಬ ಹಳ್ಳಿಯ ಬಳಿ ಬಿತ್ತು. 43 ಮಂದಿಯಲ್ಲಿ ಯಾರೂ ಬದುಕಲಿಲ್ಲ. ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ಸೇವೆ ಆರಂಭವಾಗಿ ಅಂದಿಗೆ ಸರಿಯಾಗಿ ಒಂದು ವರ್ಷ. ಬಿರುಗಾಳಿಯ ಹೊಡೆತದಿಂದಲೋ, ಆ ಗಾಳಿಯಲ್ಲಿ ಪೈಲಟ್ ವಿಮಾನವನ್ನು ಅತಿಯಾಗಿ ಎಳೆದಾಡಿದ್ದರಿಂದಲೋ ಅದರ ಚೌಕಟ್ಟು ಮುರಿಯಿತೆಂದು ವಿಚಾರಣಾ ನ್ಯಾಯಾಲಯ ಹೇಳಿತು.

ಅದೇ ದಶಕದಲ್ಲಿ ವಿಮಾನದ ಮೂತಿಯಲ್ಲೇ ಹವಾಮಾನ ರೇಡಾರ್ ಕೂರಿಸುವ ಪದ್ಧತಿ ಬಂದಿತು. ಮಳೆಹನಿಗಳಿಂದ ಮರಳುವ ರೇಡಿಯೊ ಪ್ರತಿಧ್ವನಿಯನ್ನು ಪರದೆಯ ಮೇಲೆ ಮೂಡಿಸುವ ಈ ಸಾಧನ ದೊಡ್ಡ ಉಪಕಾರವನ್ನೇ ಮಾಡಿತಾದರೂ, ತೀರ ದಟ್ಟವಾದ ಮಳೆ ರೇಡಿಯೊ ಅಲೆಗಳನ್ನು ಹೀರಿಬಿಡುವುದರಿಂದ ಅದರ ಹಿಂದಿನ ಜಾಗ ಪರದೆಯಲ್ಲಿ ಬಯಲಿನಂತೆ ಕಾಣುವ ಅಪಾಯವನ್ನೂ ಜೊತೆಗೆ ತಂದಿತು. ನಿಯಂತ್ರಕರ ಪರದೆಯ ಸ್ಥಿತಿ ಇನ್ನೂ ವಿಚಿತ್ರ: ಅಲ್ಲಿ ವಿಮಾನದ ಚುಕ್ಕೆ ಸ್ಪಷ್ಟವಾಗಿ ಕಾಣಲೆಂದು ಮಳೆಯ ಪ್ರತಿಧ್ವನಿಯನ್ನು ಬೇಕೆಂದೇ ಅಡಗಿಸುವ ಏರ್ಪಾಡಿತ್ತು. 1977ರ ಏಪ್ರಿಲ್ 4ರಂದು ಹಂಟ್ಸ್‌ವಿಲ್‌ನಿಂದ ಅಟ್ಲಾಂಟಾಕ್ಕೆ ಹೊರಟ ಸದರ್ನ್ ಏರ್‌ವೇಸ್‌ನ ಡಿಸಿ-9 ತನ್ನ ರೇಡಾರ್‌ನಲ್ಲಿ ಕಂಡ ದಾರಿಯನ್ನು ನಂಬಿ ಮೋಡದೊಳಗೆ ಸಿಕ್ಕಿಬಿದ್ದಾಗ, ಆಲಿಕಲ್ಲು ಮತ್ತು ನೀರು ನುಂಗಿ ಎರಡೂ ಎಂಜಿನ್‌ಗಳು ಸ್ತಬ್ಧವಾದವು, ಗಾಜು ಒಡೆಯಿತು, ಜಾರ್ಜಿಯಾದ ನ್ಯೂ ಹೋಪ್ ಊರಿನ ರಸ್ತೆಯ ಮೇಲೆ ಇಳಿಸುವ ಯತ್ನದಲ್ಲಿ ಒಟ್ಟು 72 ಜೀವಗಳು ಹೋದವು. ಪೈಲಟ್ ರೇಡಾರನ್ನು ನಂಬಿದ್ದರ ಜೊತೆಗೆ, ಕಂಪನಿ ಹೊಸ ಹವಾಮಾನ ಮಾಹಿತಿ ಒದಗಿಸದಿದ್ದುದನ್ನೂ, ಅಂಥ ಮಾಹಿತಿಯನ್ನು ಆ ಕ್ಷಣಕ್ಕೆ ದಾಟಿಸಲಾರದ ನಿಯಂತ್ರಣ ವ್ಯವಸ್ಥೆಯ ಮಿತಿಯನ್ನೂ ತನಿಖಾ ಮಂಡಳಿ ಎತ್ತಿ ಹೇಳಿತು. ನಿಯಂತ್ರಣ ಕೇಂದ್ರಗಳಲ್ಲಿ ಹವಾಮಾನ ತಜ್ಞರನ್ನು ಕೂರಿಸುವ ಕ್ರಮ ಆರಂಭವಾದದ್ದು ಇದರ ಬಳಿಕವೇ.

ಆದರೆ ಸುದ್ದಿ ಮುಟ್ಟಿಯೂ ಕೆಲಸಕ್ಕೆ ಬಾರದೆ ಹೋದ ಪ್ರಸಂಗ ಅದಕ್ಕೂ ಎರಡು ವರ್ಷ ಮೊದಲೇ, 1975ರ ಜೂನ್ 24ರಂದು, ನ್ಯೂಯಾರ್ಕ್‌ನ ಕೆನಡಿ ನಿಲ್ದಾಣದಲ್ಲಿ ನಡೆದಿತ್ತು. ಅಂದು ಮಧ್ಯಾಹ್ನ 22 ಎಡ ರನ್‌ವೇಯ ದಾರಿಗೆ ಅಡ್ಡಲಾಗಿ ಗುಡುಗುಮೋಡ ಕವಿದಿತ್ತು. ಫ್ಲೈಯಿಂಗ್ ಟೈಗರ್ ಸಂಸ್ಥೆಯ ಸರಕು ವಿಮಾನವೊಂದು ಕಷ್ಟಪಟ್ಟು ಇಳಿದು, ನೆಲದ ಸಮೀಪ ಗಾಳಿ ವಿಪರೀತವಾಗಿ ಬದಲಾಗುತ್ತಿದೆ, ರನ್‌ವೇ ಬದಲಿಸಿ ಎಂದು ಎಚ್ಚರಿಸಿದಾಗ, ನಿಯಂತ್ರಕರು ತಮ್ಮ ಮುಂದಿದ್ದ ಮಾಪಕವನ್ನು ನೋಡಿ, ಗಾಳಿ ನೇರ ರನ್‌ವೇಯ ಉದ್ದಕ್ಕೆ 15 ನಾಟ್ ವೇಗದಲ್ಲಷ್ಟೇ ಬೀಸುತ್ತಿದೆಯೆಂದು ಉತ್ತರಿಸಿದರು. ಮಾಪಕ ಸುಳ್ಳು ಹೇಳಿರಲಿಲ್ಲ. ಅದು ಇದ್ದ ಕಡೆ ಗಾಳಿ ಹಾಗೆಯೇ ಇತ್ತು. ಹಿಂದೆಯೇ ಬಂದ ಈಸ್ಟರ್ನ್ ಸಂಸ್ಥೆಯ 902 ವಿಮಾನ ಇಳಿಯುವ ಯತ್ನ ಕೈಬಿಟ್ಟು ಮೇಲೇರಿತು, ಆ ಮಾತುಕತೆಯನ್ನು ಈಸ್ಟರ್ನ್ 66ರ ಸಿಬ್ಬಂದಿಯೂ ಕೇಳಿಸಿಕೊಂಡಿದ್ದರು, ಆದರೂ ಮುಂದುವರಿದರು. ಆ ಬೋಯಿಂಗ್ 727 ದೀಪಸ್ತಂಭಗಳಿಗೆ ಬಡಿದು ನುಚ್ಚುನೂರಾಯಿತು, 113 ಮಂದಿ ಸತ್ತರು. ಅಪಾಯ ಕಣ್ಣೆದುರಿಗಿದ್ದರೂ ಅದೇ ರನ್‌ವೇಯನ್ನು ಬಳಸುತ್ತ ಹೋದ ಹೊಣೆಯನ್ನು ತನಿಖೆ ಪೈಲಟ್ ಮತ್ತು ನಿಯಂತ್ರಕ ಇಬ್ಬರ ಮೇಲೂ ಹೊರಿಸಿತು. ಅದು ನ್ಯಾಯವೇ ಆದರೂ, ಎದುರಿಗಿದ್ದ ಗಾಳಿಯ ಸ್ವರೂಪ ಅಂದು ಶಾಸ್ತ್ರಕ್ಕೇ ಗೊತ್ತಿರಲಿಲ್ಲ ಎಂಬುದನ್ನು ಮರೆಯಬಾರದು.

ಆ ಸ್ವರೂಪವನ್ನು ಬಿಡಿಸಿದವರು ಟೆಟ್ಸುಯಾ ಫುಜಿತಾ. ನಾಗಸಾಕಿಯ ಅಣುಬಾಂಬಿನ ಹಾನಿಯನ್ನು ಅಧ್ಯಯನ ಮಾಡಿ, ಬೈಯರ್ಸ್ ಅವರ ಆಹ್ವಾನದ ಮೇರೆಗೆ ಷಿಕಾಗೊಗೆ ಬಂದಿದ್ದ ಈ ಜಪಾನಿ ವಿಜ್ಞಾನಿ, 1974ರಲ್ಲಿ ಬಿರುಗಾಳಿಗೆ ಬಿದ್ದ ಮರಗಳು ಒಂದು ನಡುಬಿಂದುವಿನಿಂದ ನಕ್ಷತ್ರದಾಕಾರದಲ್ಲಿ ಹೊರಚಾಚಿದ್ದನ್ನು ಆಕಾಶದಿಂದ ಗಮನಿಸಿದ್ದರು. ಕೊಡದ ನೀರನ್ನು ಬಚ್ಚಲ ಚಪ್ಪಡಿಗೆ ಸುರಿದರೆ ಅದು ಎಲ್ಲ ದಿಕ್ಕಿಗೂ ಚಿಮ್ಮುವಂತೆ, ನಾಲ್ಕು ಕಿಲೋಮೀಟರಿಗಿಂತ ಕಿರಿದಾದ ಜಾಗದಲ್ಲಿ ಕೆಲವೇ ನಿಮಿಷ ಧುಮುಕುವ ಇಳಿಗಾಳಿಯನ್ನು ಅವರು ಮೈಕ್ರೋಬರ್ಸ್ಟ್ ಎಂದರು. ಇದರೊಳಗೆ ಬಂದ ವಿಮಾನಕ್ಕೆ ಮೊದಲು ಎದುರುಗಾಳಿ ಸಿಕ್ಕಿ ವೇಗ ಹೆಚ್ಚಿದಂತಾಗುತ್ತದೆ, ಪೈಲಟ್ ಎಂಜಿನ್ ತಗ್ಗಿಸುತ್ತಾರೆ, ಮರುಗಳಿಗೆಯೇ ಗಾಳಿ ಕೆಳಕ್ಕೆ ಒತ್ತಿ ಬಳಿಕ ಬೆನ್ನುಗಾಳಿಯಾಗಿ ತಿರುಗುವಾಗ ಚೇತರಿಸಿಕೊಳ್ಳಲು ಎತ್ತರವೇ ಉಳಿದಿರುವುದಿಲ್ಲ. ಸಹೋದ್ಯೋಗಿಗಳಲ್ಲಿ ಹಲವರು ಇದನ್ನು ಒಪ್ಪಲಿಲ್ಲ. 1978ರಲ್ಲಿ ಷಿಕಾಗೊ ಬಳಿಯೂ 1982ರಲ್ಲಿ ಡೆನ್ವರ್ ಬಳಿಯೂ ಗಾಳಿಯ ವೇಗವನ್ನೂ ಅಳೆಯುವ ಡಾಪ್ಲರ್ ರೇಡಾರ್‌ಗಳು ಇಂಥ ಇಳಿಗಾಳಿಗಳನ್ನು ಹಿಡಿದು ತೋರಿಸಿದ ಮೇಲೆ ವಾದ ಮುಗಿಯಿತು. 1985ರಲ್ಲಿ ಡಲ್ಲಾಸ್‌ನಲ್ಲಿ ಡೆಲ್ಟಾ ಸಂಸ್ಥೆಯ 191 ವಿಮಾನ ಬಿದ್ದು 137 ಮಂದಿ ಸತ್ತ ಬಳಿಕ ನಿಲ್ದಾಣಗಳಿಗೆ ಡಾಪ್ಲರ್ ರೇಡಾರ್, ವಿಮಾನಗಳಿಗೆ ಗಾಳಿಪಲ್ಲಟವನ್ನು ಮುಂಚೆಯೇ ಸಾರುವ ಸಾಧನ ಬಂದವು.

ಈ ಸಾಧನಗಳ ಜೊತೆಗೆ ಕಾರ್ಯಪದ್ಧತಿಯೂ ಗಟ್ಟಿಯಾಯಿತು. ಮೋಡವನ್ನು ಬಳಸಿ ಹೋಗಲು ಪೈಲಟ್ ಎಷ್ಟು ಮೈಲಿ, ಯಾವ ಪಕ್ಕಕ್ಕೆ ಎಂದು ಕೇಳಬೇಕು, ನಿಯಂತ್ರಕರು ಉಳಿದ ವಿಮಾನಗಳನ್ನು ಸರಿಸಿ ದಾರಿ ಕೊಡಬೇಕು. ಸಾಗರದ ಮೇಲೆ ಅನುಮತಿ ಸಿಗದಿದ್ದರೆ, ಪೈಲಟ್ ತನ್ನ ಹೊಣೆಯ ಮೇಲೆ ಪಕ್ಕಕ್ಕೆ ಸರಿದು, ಐದು ನಾಟಿಕಲ್ ಮೈಲಿ ದಾಟಿದೊಡನೆ 300 ಅಡಿ ಏರಿಯೋ ಇಳಿದೋ ಹೋಗಬಹುದೆಂದು ಅಂತಾರಾಷ್ಟ್ರೀಯ ನಿಯಮ ಹೇಳುತ್ತದೆ. ಬೇಸಗೆಯ ಸಂಜೆ ಬೆಂಗಳೂರಿನಲ್ಲಿ ಇಳಿಯಬೇಕಾದ ವಿಮಾನಗಳು ಗುಡುಗುಮಳೆಗೆ ಅಂಜಿ ಚೆನ್ನೈಗೆ ಹೊರಳುವುದು ಈಗ ಪತ್ರಿಕೆಗಳಲ್ಲಿ ಸಣ್ಣ ಸುದ್ದಿ. ಆದರೆ ಎಲ್ಲ ಆಕಾಶವೂ ಒಬ್ಬರದಲ್ಲ. 2025ರ ಮೇ 21ರಂದು ದೆಹಲಿಯಿಂದ ಶ್ರೀನಗರಕ್ಕೆ ಹೋಗುತ್ತಿದ್ದ ಇಂಡಿಗೊ ವಿಮಾನ ಪಠಾಣ್‌ಕೋಟ್ ಬಳಿ ಮೋಡವನ್ನು ಕಂಡು ಎಡಕ್ಕೆ, ಅಂತಾರಾಷ್ಟ್ರೀಯ ಗಡಿಯ ಕಡೆಗೆ, ಸರಿಯಲು ಕೇಳಿದಾಗ ವಾಯುಪಡೆಯ ಉತ್ತರ ನಿಯಂತ್ರಣ ಕೇಂದ್ರ ಒಪ್ಪಲಿಲ್ಲ, ಲಾಹೋರ್ ಕೂಡ ತನ್ನ ವಾಯುಪ್ರದೇಶಕ್ಕೆ ಬಿಡಲಿಲ್ಲ. ಹಿಂದಿರುಗುವ ಹೊತ್ತು ಮೀರಿದ್ದರಿಂದ ವಿಮಾನ ಮೋಡವನ್ನೇ ಹಾಯ್ದು, ಒಂದು ಹಂತದಲ್ಲಿ ನಿಮಿಷಕ್ಕೆ 8,500 ಅಡಿಯಂತೆ ಕುಸಿದು, ಆಲಿಕಲ್ಲಿಗೆ ಮೂತಿ ಒಡೆದುಕೊಂಡು ಶ್ರೀನಗರದಲ್ಲಿ ಇಳಿಯಿತು. ಪ್ರಯಾಣಿಕರಿಗೆ ಗಾಯವಾಗಲಿಲ್ಲ. ಇಲ್ಲಿ ಪೈಲಟ್‌ಗೆ ಮೋಡ ಕಂಡಿತ್ತು, ನಿಯಂತ್ರಕರಿಗೂ ಮಾತು ಮುಟ್ಟಿತ್ತು. ದಾರಿ ಮಾತ್ರ ಅವರಿಬ್ಬರ ಕೈಯಲ್ಲಿರಲಿಲ್ಲ.