ಸೂರ್ಯನನ್ನು ಒಂದು ಬಿಂದುವಿಗಿಳಿಸಲು ಹೊರಟವರು

ಇಬ್ನುಲ್ ಹೈಸಮ್‌ರನ್ನು ‘ಕ್ಯಾಮೆರಾ ಕಂಡುಹಿಡಿದವರು’ ಎಂದು ನಮ್ಮ ವೇದಿಕೆಗಳಲ್ಲಿ ಹೊಗಳಿ ಮುಗಿಸುತ್ತೇವೆ. ಈ ಹೊಗಳಿಕೆ ಅವರನ್ನು ಚಿಕ್ಕದಾಗಿಸುತ್ತದೆ. ಬಸ್ರಾದಲ್ಲಿ ಜನಿಸಿ, ಸುಮಾರು 1040ರಲ್ಲಿ ಕೈರೋದಲ್ಲಿ ನಿಧನರಾದ ಈ ವಿದ್ವಾಂಸರನ್ನು ಕಾಡಿದ್ದು ಬೆಳಕಿನ ಮಿತಿಯ ಪ್ರಶ್ನೆ: ಸೂರ್ಯನ ಕಿರಣಗಳನ್ನು ಎಷ್ಟರಮಟ್ಟಿಗೆ ಒಂದೆಡೆ ಕೂಡಿಸಬಹುದು?

ಗ್ರೀಕರ ಕಾಲದಿಂದಲೂ ಬಂದ ಪ್ರಶ್ನೆಯಿದು. ಸುಮಾರು 984ರಲ್ಲಿ ಬಗ್ದಾದಿನ ಇಬ್ನು ಸಹ್ಲ್ ಸುಡುವ ಕನ್ನಡಿಗಳ ಜೊತೆಗೆ ಸುಡುವ ಮಸೂರಗಳ ಆಕಾರವನ್ನೂ ಲೆಕ್ಕ ಹಾಕಿದ್ದರು. ಇಬ್ನುಲ್ ಹೈಸಮ್ ಕನ್ನಡಿಗಳನ್ನು ಮತ್ತೆ ಪರಿಶೀಲಿಸಿದರು. ಗೋಳಾಕಾರದ ಕನ್ನಡಿಯಲ್ಲಿ ಒಂದು ವೃತ್ತದ ಮೇಲೆ ಬಿದ್ದ ಕಿರಣಗಳು ಒಂದು ಬಿಂದುವಿನಲ್ಲಿ ಕೂಡಿದರೆ, ಪಕ್ಕದ ವೃತ್ತದವು ಬೇರೊಂದು ಬಿಂದುವಿನಲ್ಲಿ ಕೂಡುತ್ತವೆ, ತಾಪ ಚದುರುತ್ತದೆ. ಅಕ್ಷಕ್ಕೆ ಸಮಾನಾಂತರವಾಗಿ ಬಂದ ಕಿರಣಗಳೆಲ್ಲವನ್ನೂ ಒಂದೇ ಬಿಂದುವಿಗೆ ತರುವುದು ಪರವಲಯದ ಕನ್ನಡಿ. ಅದನ್ನು ಅವರು ರೇಖಾಗಣಿತದಿಂದ ಸಿದ್ಧಪಡಿಸಿದರು.

ಆದರೆ ಸೂರ್ಯನೇ ಬಿಂದುವಲ್ಲ! ಆಕಾಶದಲ್ಲಿ ಅದರ ಅಗಲ ಸುಮಾರು ಅರ್ಧ ಡಿಗ್ರಿ. ಹೀಗಾಗಿ ಒಂದು ಮೀಟರ್ ನಾಭಿದೂರದ ಪರವಲಯ ಕನ್ನಡಿ ಎಷ್ಟೇ ನಯವಾಗಿದ್ದರೂ ನಾಭಿಯಲ್ಲಿ ಮೂಡುವುದು ಸುಮಾರು 9 ಮಿಲಿಮೀಟರ್ ಅಗಲದ ಬಿಲ್ಲೆಯೇ. ಅದಕ್ಕಿಂತ ಕಿರಿದಾಗಿಸಲು ಆ ಕನ್ನಡಿಗೆ ಸಾಧ್ಯವಿಲ್ಲ.

ಹೊಳೆಯುವ ವಸ್ತುವಿನ ಪ್ರತಿ ಬಿಂದುವಿನಿಂದಲೂ ಬೆಳಕು ಎಲ್ಲ ದಿಕ್ಕಿಗೂ ಹೊರಡುತ್ತದೆಂಬುದು ಇಬ್ನುಲ್ ಹೈಸಮ್‌ರ ಮೂಲ ತತ್ತ್ವ. ಗ್ರಹಣದ ಆಕಾರವನ್ನು ಕುರಿತ ಪ್ರಬಂಧದಲ್ಲಿ ಅವರು ಅದನ್ನೇ ಒರೆಗೆ ಹಚ್ಚಿದರು. ಪಾರ್ಶ್ವ ಗ್ರಹಣದ ಸೂರ್ಯನ ಬೆಳಕು ಕಿರಿದಾದ ದುಂಡು ರಂಧ್ರದಿಂದ ಹಾದು ಕುಡುಗೋಲಿನ ಆಕಾರದಲ್ಲಿ ಬೀಳುತ್ತದೆ. ರಂಧ್ರ ಹಿಗ್ಗಿದಂತೆ ಬೆಳಕು ಹೆಚ್ಚುತ್ತದೆ, ಆಕಾರ ಅಳಿದು ದುಂಡಾಗುತ್ತದೆ. ಕ್ಯಾಮೆರಾದ ಹೊಗಳಿಕೆಗೆ ಆಧಾರವಾದ ಬರಹಗಳಲ್ಲಿ ಇದೂ ಒಂದು. ಆದರೆ ಅಲ್ಲಿ ಅವರು ಕೇಳಿದ್ದು, ಅಂಥದೇ ರಂಧ್ರದಿಂದ ಬಂದ ಹಿಲಾಲ್‌ನ ಬೆಳಕು ಮಾತ್ರ ಏಕೆ ದುಂಡಾಗಿಯೇ ಬೀಳುತ್ತದೆ ಎಂದು.