ಐವತ್ತಕ್ಕೆ ಮೂವತ್ತನಾಲ್ಕು: ಕಾಂಪ್ಯಾಕ್ಟ್ ಕ್ರ್ಯಾಂಕ್ ನಡೆದುಬಂದ ದಾರಿ

ರೋಡ್ ಬೈಕಿನ ಬಲ ಪೆಡಲಿನ ಬುಡದಲ್ಲಿ ಸಾಮಾನ್ಯವಾಗಿ ಎರಡು ಹಲ್ಲುಗಾಲಿಗಳಿರುತ್ತವೆ. ದೊಡ್ಡದಕ್ಕೆ 53, ಚಿಕ್ಕದಕ್ಕೆ 39 ಹಲ್ಲು ಎಂಬುದು ಪಂದ್ಯದ ಸೈಕಲ್ಲುಗಳ ಬಹುಕಾಲದ ರೂಢಿ. 50 ಮತ್ತು 34 ಹಲ್ಲಿನ ಜೋಡಿಗೆ ಕಾಂಪ್ಯಾಕ್ಟ್ ಎನ್ನುತ್ತಾರೆ. ಹಲ್ಲುಗಾಲಿಗಳನ್ನು ಪೆಡಲಿನ ತೋಳಾದ ಕ್ರ್ಯಾಂಕಿಗೆ ಬಿಗಿಯುವ ಬೋಲ್ಟುಗಳ ವೃತ್ತದ ವ್ಯಾಸ 130 ಮಿ.ಮೀ.ನಿಂದ 110ಕ್ಕೆ ಇಳಿದದ್ದೇ ಇಲ್ಲಿನ ಮುಖ್ಯ ಬದಲಾವಣೆ. 130ರ ವೃತ್ತದಲ್ಲಿ 38 ಹಲ್ಲಿಗಿಂತ ಚಿಕ್ಕ ಗಾಲಿ ಕೂರುವುದಿಲ್ಲ. 110ರಲ್ಲಿ 34 ಆರಾಮಾಗಿ ಕೂರುತ್ತದೆ.

ಇಂಥ ಆಯ್ಕೆ ಎಲ್ಲೆಡೆ ಇರಲಿಲ್ಲ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿಯಂಥ ಊರಿನಲ್ಲಿ ಸೈಕಲ್ಲೆಂದರೆ ಬಹುಕಾಲ ಒಂದೇ ಗೇರಿನ ಕರಿ ರೋಡ್‌ಸ್ಟರ್. ಮುಂದೆ 44, ಹಿಂದೆ 18 ಹಲ್ಲಿದ್ದರೆ ಪೆಡಲಿನ ಒಂದು ಸುತ್ತಿಗೆ ಅದು ಸುಮಾರು ಐದೂವರೆ ಮೀಟರ್ ಓಡುತ್ತದೆ. ಶೇಂಗಾ ಚೀಲ ಹೇರಿಕೊಂಡು ದಿಬ್ಬ ಎದುರಾದರೆ ಇಳಿದು ತಳ್ಳುವುದೇ ಎರಡನೆಯ ಗೇರು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇರಲಿಲ್ಲ.

ಗೇರು ಬದಲಿಸುವ ಸಾಧ್ಯತೆ ತೆರೆದದ್ದು ಚೈನು. ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ರೋವರ್ ಸೈಕಲ್ಲಿನ ಹಿಂಗಾಲಿಗೆ ಚೈನು ಕಟ್ಟಿದ ಮೇಲೆ ವೇಗಕ್ಕಾಗಿ ಆಳೆತ್ತರದ ಮುಂಗಾಲಿ ಬೇಕಿಲ್ಲವಾಯಿತು. ಹಲ್ಲುಗಳ ಲೆಕ್ಕವೇ ಸಾಕಾಯಿತು. ಫ್ರಾನ್ಸಿನಲ್ಲಿ ವೆಲೋಸಿಯೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪಾಲ್ ದ ವಿವಿ, ಏರಿಗೊಂದು ಬಯಲಿಗೊಂದು ಗೇರು ಇರಲೇಬೇಕೆಂದು ವಾದಿಸಿದ. ಟೂರ್ ದ ಫ್ರಾನ್ಸ್ ಕಟ್ಟಿದ ಆಂರಿ ದೆಗ್ರಾಂಜ್‌ಗೆ ಅದು ಹಿಡಿಸಲಿಲ್ಲ. ಗೆಲ್ಲಬೇಕಾದ್ದು ಸ್ನಾಯು, ಯಂತ್ರವಲ್ಲ ಎಂಬುದು ಅವನ ಹಟ. ಆ ಪಂದ್ಯದಲ್ಲಿ, ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ದಾಟಿಸುವ ಡೆರೈಲರ್‌ಗೆ ಒಪ್ಪಿಗೆ ಸಿಕ್ಕದ್ದು 1937ರಲ್ಲಿ. ನಿಯಮ ಹೋದರೂ ಆ ಗತ್ತು ಪೂರ್ತಿ ಹೋಗಲಿಲ್ಲ. 1960ರ ದಶಕದ ಕೊನೆಯಿಂದ ಇಟಲಿಯ ಕಂಪನ್ಯೊಲೊ ಕ್ರ್ಯಾಂಕಿನ ಬೋಲ್ಟು ವೃತ್ತ 144 ಮಿ.ಮೀ. ಇತ್ತು; ಚಿಕ್ಕ ಗಾಲಿಗೆ 42 ಹಲ್ಲು ವಾಡಿಕೆಯಾಯಿತು. ಅಂಗಡಿಯ ಸೈಕಲ್ಲುಗಳೂ ಪಂದ್ಯದ ಸೈಕಲ್ಲಿನ ನಕಲಾಗಿಯೇ ಬಂದವು. ವಾರಕ್ಕೊಮ್ಮೆ ತುಳಿಯುವವನ ಕಾಲಿಗೂ ಚಾಂಪಿಯನ್ನನ ಗೇರೇ ಗತಿಯಾಯಿತು. 39ರ ಗಾಲಿ ಬಂದಮೇಲೂ ಈ ದೋಷ ಅರ್ಧವಷ್ಟೇ ತಿದ್ದಿಕೊಂಡಿತು.

ಏರು ಹತ್ತುವವರಿಗೆ ಮೂರು ಗಾಲಿಯ ಟ್ರಿಪಲ್ ಎಂಬ ಉಪಾಯ ಮೊದಲೇ ಇತ್ತು. ಆದರೆ ಅದು ಭಾರ ಹೆಚ್ಚು, ಹೊಂದಿಸುವುದು ಕಿರಿಕಿರಿ. 110ರ ವೃತ್ತವೂ ಹೊಸದಲ್ಲ. 1980ರ ದಶಕದ ಪ್ರವಾಸಿ ಸೈಕಲ್ಲುಗಳಲ್ಲಿ, ಬೆಟ್ಟದ ಸೈಕಲ್ಲುಗಳಲ್ಲಿ ಇದ್ದದ್ದೇ. ಅದು ರೋಡ್ ಬೈಕಿಗೆ ಬಂದದ್ದು 2000ದ ನಂತರ, ಹಿಂಬದಿಯ ಹಲ್ಲುಗಾಲಿಗಳ ಗೊಂಚಲಾದ ಕ್ಯಾಸೆಟ್ಟಿನಲ್ಲಿ 11 ಹಲ್ಲಿನ ಗಾಲಿ ಸಾಮಾನ್ಯವಾದಾಗ. 53ಕ್ಕೆ 12 ಹಾಕಿದರೆ ಅನುಪಾತ 4.42, 50ಕ್ಕೆ 11 ಹಾಕಿದರೆ 4.55. ದೊಡ್ಡ ಗಾಲಿ ಕಿರಿದಾದರೆ ವೇಗ ಹೋಗುತ್ತದೆಂಬ ಅಳುಕಿಗೆ ಈ ಎರಡು ಅಂಕಿಗಳೇ ಉತ್ತರ. 50–11ರಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ವೇಗ ಗಂಟೆಗೆ 51 ಕಿ.ಮೀ. ದಾಟುತ್ತದೆ. 2003ರ ಟೂರ್‌ನಲ್ಲಿ ಕೊರಳೆಲುಬು ಮುರಿದುಕೊಂಡೂ ಓಡಿದ ಟೈಲರ್ ಹ್ಯಾಮಿಲ್ಟನ್ ಕಾಂಪ್ಯಾಕ್ಟ್ ತುಳಿದದ್ದು ಅದಕ್ಕೆ ದೊಡ್ಡ ಪ್ರಚಾರ ತಂದಿತು.

ಇದೆಲ್ಲ ಪರ್ವತಗಳ ಮಾತು, ಎರಿಹೊಲದ ಸೀಮೆಗೆ ಏಕೆ ಬೇಕು ಎನ್ನಿಸಬಹುದು. ಇಲ್ಲಿನ ಏರು ನೆಲದಲ್ಲಿ ಕಡಿಮೆ, ಗಾಳಿಯಲ್ಲಿ ಹೆಚ್ಚು. ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆಷಾಢದಲ್ಲಿ ಪಶ್ಚಿಮದಿಂದ ಬೀಸುವ ಗಾಳಿಗೆ ಎದುರಾಗಿ ಹೊರಟವರಿಗೆ ಸಪಾಟು ರಸ್ತೆಯೂ ಘಾಟಿಯೇ. 25 ಕಿ.ಮೀ. ವೇಗದಲ್ಲಿ ಹೋಗುವವರಿಗೆ 15 ಕಿ.ಮೀ. ವೇಗದ ಎದುರುಗಾಳಿ ಸಿಕ್ಕರೆ ಗಾಳಿಯ ತಡೆ ಎರಡೂವರೆ ಪಟ್ಟಾಗುತ್ತದೆ; ವೇಗ 17ಕ್ಕೆ ಕುಸಿಯುವುದು ಸಹಜ. ಆ ವೇಗದಲ್ಲಿ ನಿಮಿಷಕ್ಕೆ 85 ಸುತ್ತಿನ ಲಯ ಉಳಿಯಲು 1.6ರ ಆಸುಪಾಸಿನ ಅನುಪಾತ ಬೇಕು. 12–25ರ ಕ್ಯಾಸೆಟ್ಟಿನಲ್ಲಿ 39ರವರಿಗೆ ಅದು ಕೊನೆಯ ಗೇರು. ಮುಂದೆ ಒಂದು ಸೇತುವೆಯ ಏರು ಬಂದರೂ ಕೈಯಲ್ಲಿ ಏನೂ ಉಳಿದಿಲ್ಲ. 34ರವರು 21ರ ಗಾಲಿಯಲ್ಲಿರುತ್ತಾರೆ, ಇನ್ನೆರಡು ಗೇರು ಬಾಕಿ.

ನಿಜವಾದ ಬೆಟ್ಟದಲ್ಲಿ ಅಂತರ ಇನ್ನೂ ಎದ್ದು ಕಾಣುತ್ತದೆ. ಬೆಂಗಳೂರಿನ ಸೈಕಲ್ ಸವಾರರ ಪರೀಕ್ಷೆಯ ಜಾಗ 1,478 ಮೀಟರ್ ಎತ್ತರದ ನಂದಿಬೆಟ್ಟ. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್ ಸೈಕಲ್ ಯಾತ್ರೆಯ ಪಾಲಿಗೆ ಅಂಥ ಜಾಗ ಮಸಿನಗುಡಿಯಿಂದ ಊಟಿಗೆ 36 ತಿರುವುಗಳಲ್ಲಿ ಏರುವ ಕಲ್ಹಟ್ಟಿ ಘಾಟಿ. ಗಂಟೆಗೆ 8 ಕಿ.ಮೀ. ವೇಗಕ್ಕೆ ಇಳಿದಾಗ 39–25ರಲ್ಲಿ ಪೆಡಲು ನಿಮಿಷಕ್ಕೆ 41 ಸುತ್ತು ಮಾತ್ರ ತಿರುಗುತ್ತದೆ; ಮೊಣಕಾಲು ನೋಯುವುದು ಅಲ್ಲಿಂದಲೇ. 34–32ರಲ್ಲಿ ಅದೇ ವೇಗಕ್ಕೆ 60 ಸುತ್ತು.

ರಾಜ್ಯದ ಸೈಕ್ಲಿಂಗ್ ತವರು ಮಾತ್ರ ಬೆಂಗಳೂರಲ್ಲ, ವಿಜಯಪುರ, ಬಾಗಲಕೋಟೆ, ಗದಗ. ಈ ಊರುಗಳ ಕ್ರೀಡಾನಿಲಯಗಳಲ್ಲಿ ತಯಾರಾಗುವವರು ಪಂದ್ಯದ ಸವಾರರು, ಅವರಿಗೆ 53 ಬೇಕಾಗುತ್ತದೆ. ಆದರೂ ಅಂತರರಾಷ್ಟ್ರೀಯ ನಿಯಮದಂತೆ 2022ರ ಕೊನೆಯವರೆಗೆ ಜೂನಿಯರ್ ಸವಾರರ ಗೇರು ಒಂದು ಸುತ್ತಿಗೆ 7.93 ಮೀಟರ್ ಮೀರುವಂತಿರಲಿಲ್ಲ. 52ಕ್ಕೆ 14 ಹಾಕಿದಷ್ಟು. ಆ ವಯಸ್ಸಿಗೆ ಆಗ 53–12 ಇದ್ದೂ ಇಲ್ಲದಂತಿತ್ತು.

ಹಳೆಯ ಸೈಕಲ್ಲಿಗೆ ಕಾಂಪ್ಯಾಕ್ಟ್ ಹಾಕಿಸುವ ಕೆಲಸ ಅರ್ಧ ದಿನದ್ದು. ಮೊದಲು ನೋಡಬೇಕಾದ್ದು ಕ್ರ್ಯಾಂಕಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್. ಹೆಚ್ಚಿನ ಚೌಕಟ್ಟುಗಳಲ್ಲಿ ಅದನ್ನು ತಿರುಗಿಸಿ ಬಿಗಿಯಲು ಇರುವುದು ಬಿಎಸ್‌ಎ ಮರೆ. ಹಳ್ಳಿಹಳ್ಳಿಗೂ ಗೊತ್ತಿದ್ದ ಬಿಎಸ್‌ಎ ಸೈಕಲ್ಲಿನ ಹೆಸರೇ ಅದು, ಮೂಲದಲ್ಲಿ ಬರ್ಮಿಂಗ್‌ಹ್ಯಾಮಿನ ಬಂದೂಕು ಕಂಪನಿ. ಈ ಬ್ರಾಕೆಟ್ಟಿನ ಬಲಬದಿಯ ಮರೆ ಉಲ್ಟಾ. ಇದು ಗೊತ್ತಿಲ್ಲದೆ ಪಾನಾ ಹಾಕಿದರೆ ಚೌಕಟ್ಟೇ ಕೆಡುತ್ತದೆ. ಮುಂದಿನ ಡೆರೈಲರನ್ನು ಸುಮಾರು 6 ಮಿ.ಮೀ. ಕೆಳಗಿಳಿಸಬೇಕು, ಏಕೆಂದರೆ ಒಂದು ಹಲ್ಲು ಕಡಿಮೆಯಾದರೆ ಗಾಲಿಯ ತ್ರಿಜ್ಯ 2 ಮಿ.ಮೀ. ಕುಗ್ಗುತ್ತದೆ. ಹಿಂದಿನ ಡೆರೈಲರ್ ಎಷ್ಟು ಸಡಿಲ ಚೈನನ್ನು ಎಳೆದುಕೊಳ್ಳಬಲ್ಲದು ಎಂಬುದನ್ನೂ ಲೆಕ್ಕ ಹಾಕಬೇಕು. 50–34ಕ್ಕೆ 11–28ರ ಕ್ಯಾಸೆಟ್ಟು ಸೇರಿದರೆ 16 ಮತ್ತು 17, ಒಟ್ಟು 33 ಹಲ್ಲು. ಹಳೆಯ ಗಿಡ್ಡ ಪಂಜರದ ಹಲವು ಡೆರೈಲರ್‌ಗಳ ಮಿತಿ 29. ಇಲ್ಲಿ ಎಡವುವವರೇ ಹೆಚ್ಚು. ಚೈನು ಜೋತುಬಿದ್ದಾಗ ತಪ್ಪನ್ನು ಕ್ರ್ಯಾಂಕಿನ ಮೇಲೆ ಹಾಕುತ್ತಾರೆ.

ಕಾಂಪ್ಯಾಕ್ಟಿಗೂ ಒಂದು ಕೊರತೆ ಇದೆ. 50ರಿಂದ 34ಕ್ಕೆ ಜಿಗಿದಾಗ ಗೇರು ಒಮ್ಮೆಲೇ 32 ಪ್ರತಿಶತ ಹಗುರಾಗಿ ಕಾಲು ಗಾಳಿಯಲ್ಲಿ ತಿರುಗಿದಂತಾಗುತ್ತದೆ. ಹಿಂದೆ ಎರಡು ಮೂರು ಗಾಲಿ ಬದಲಿಸಿದರಷ್ಟೇ ಲಯ ಮರಳುತ್ತದೆ. ಇದನ್ನು ತಗ್ಗಿಸಲು 52–36 ಬಂತು. ಗೇರು ತಯಾರಿಸುವ ಶಿಮಾನೊ ಕಂಪನಿ 2012ರಲ್ಲಿ ತನ್ನ ಡ್ಯುರಾ-ಏಸ್ 9000 ಸೆಟ್ಟಿನ ಕ್ರ್ಯಾಂಕಿಗೆ ನಾಲ್ಕು ತೋಳಿನ 110ರ ವೃತ್ತ ಕೊಟ್ಟಿತು. ಅಲ್ಲಿಂದ ಒಂದೇ ಕ್ರ್ಯಾಂಕಿಗೆ 53–39 ಅಥವಾ 50–34 ಎರಡನ್ನೂ ಕೂರಿಸಬಹುದಾಯಿತು. 2019ರಲ್ಲಿ ಅದರ ಪೈಪೋಟಿಯ ಸ್ರ್ಯಾಮ್ ಕಂಪನಿ ಹಿಂದೆ 10 ಹಲ್ಲಿನ ಗಾಲಿ ಕೊಟ್ಟು ಮುಂದೆ 48–35, 46–33ಕ್ಕೆ ಇಳಿಯಿತು. 2021ರ 12 ಗೇರಿನ ಡ್ಯುರಾ-ಏಸ್‌ನಲ್ಲಿ 53–39 ಎಂಬ ಜೋಡಿಯೇ ಇಲ್ಲ. ಶಿಮಾನೊದ ಅಗ್ಗದ ಕ್ಲಾರಿಸ್, ಸೋರಾ ಸೆಟ್ಟುಗಳು ಸಾಮಾನ್ಯವಾಗಿ 50–34ರಲ್ಲೇ ಬರುವುದರಿಂದ ಹೊಸ ಸೈಕಲ್ ಕೊಳ್ಳುವವರಿಗೆ ಬದಲಿಸುವ ಪ್ರಶ್ನೆ ಹೆಚ್ಚಾಗಿ ಏಳುವುದಿಲ್ಲ. ಹಳೆಯದನ್ನು ಉಳಿಸಿಕೊಂಡವರಿಗೆ ಬೆಳ್ಳಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ರಸ್ತೆಗಳಿಗೆ ಮುಂದೆ 34, ಹಿಂದೆ 28 ಧಾರಾಳ ಸಾಕು. 32 ಬೇಕಾಗುವುದು ನಂದಿಗೋ ಕಲ್ಹಟ್ಟಿಗೋ ಹೊರಟವರಿಗೆ.