ಭಾಂಬುರ್ಡೆಯ ಕಾಲುದಾರಿಗಳು

ಬ್ಯಾಂಕಿನಲ್ಲಿ ಮನೆಸಾಲದ ಕಾಗದಪತ್ರ ತಿರುವಿಹಾಕುವ ನಮ್ಮಂಥವರಿಗೆ ಶಿವಾಜಿನಗರದ ಹಳೆಯ ಹೆಸರು ಮರೆಯುವಂತಿಲ್ಲ. ದಸ್ತಾವೇಜುಗಳಲ್ಲಿ ಅದು ಇಂದಿಗೂ ‘ಭಾಂಬುರ್ಡೆ’ಯೇ. ಮುಠಾ ಹೊಳೆಯ ಆಚೆ ದಂಡೆಯ ಈ ಹಳ್ಳಿ ಪುಣೆಯ ಪೇಟೆಗಳೊಡನೆ ಒಂದಾದ ಬಗೆಯನ್ನು ವಿಚಾರಿಸಿದರೆ, ಕಲ್ಲು ಗಾರೆಯ ಕೆಲಸಕ್ಕೂ ನೆರೆಹೊರೆಯ ಬಳಕೆಗೂ ಇರುವ ನಂಟು ತಿಳಿದುಬರುತ್ತದೆ.

ಇಲ್ಲಿಯ ಪ್ರಾಚೀನ ರಚನೆಯೆಂದರೆ ಪಾತಾಳೇಶ್ವರ. ಅದನ್ನು ಕಟ್ಟಿದ್ದಲ್ಲ, ಬಂಡೆಯಲ್ಲಿ ಕೊರೆದದ್ದು; 8ನೆಯ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ಒಂದನೆಯ ಕೃಷ್ಣನ 758ರ ತಾಮ್ರಪಟದಲ್ಲಿ ಈ ಸೀಮೆಯ ಹೆಸರು ‘ಪುಣ್ಯ ವಿಷಯ’ವೆಂದಿದೆ. ಮುಂದೆ ಮಾನ್ಯಖೇಟದಿಂದ ಆಳಿದ ಮನೆತನವದು. ನಾವು ನಿನ್ನೆ ಮೊನ್ನೆ ಬಂದವರೆಂದು ಭಾವಿಸುವ ನಮ್ಮ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಬೇಕು.

ಪಾಣಿಪತದ ಸೋಲಿನ ಬಳಿಕ, 1761ರಲ್ಲಿ, ಹೊಳೆಗೆ ಮರದ ಸೇತುವೆಯಾಯಿತು. ಮರ ಹೋಗಿ ಕಲ್ಲು ಬಂದರೂ ಜನ ಅದನ್ನು ಲಕಡೀ ಪೂಲ್ ಎನ್ನುವುದನ್ನು ಬಿಡಲಿಲ್ಲ. ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಆದಾಗ ಶನಿವಾರವಾಡೆಯ ಕಡೆಯಿಂದ ಭಾಂಬುರ್ಡೆಗೆ ‘ನವೀ ಪೂಲ್’ ಇನ್ನೂ ಇರಲಿಲ್ಲ. ಅದು ತೆರೆದದ್ದು 1923ರಲ್ಲಿ, ಮುಂಬಯಿಯ ಗವರ್ನರ್ ಲಾಯ್ಡ್‌ನ ಹೆಸರಿನಲ್ಲಿ. ಈಗ ಅದಕ್ಕೆ ಶಿವಾಜಿ ಮಹಾರಾಜರ ಹೆಸರು. ಗೋಕಾಕರು 1930ರ ದಶಕದಲ್ಲಿ ಅದೇ ಕಾಲೇಜಿನಲ್ಲಿ ಪಾಠ ಹೇಳುವ ಹೊತ್ತಿಗೆ ಪೇಟೆಯವರಿಗೆ ಆಚೆ ದಂಡೆ ಕಾಲ್ನಡಿಗೆಯ ದೂರವಾಗಿತ್ತು. 1961ರ ಜುಲೈ 12ರಂದು ಪಾನಶೇತ ಆಣೆಕಟ್ಟು ಒಡೆದು ಹೊಳೆಯು ಸೇತುವೆಗಳ ಮೇಲೇರಿ ಹರಿದಾಗ ಎರಡು ದಂಡೆಗಳೂ ಅಗಲಿದವು. ಸೇತುವೆಯ ಬೆಲೆ ಅಂಥ ದಿನವೇ ತಿಳಿಯುವುದು.

ಫರ್ಗ್ಯುಸನ್ ಕಾಲೇಜು ರಸ್ತೆಯ ‘ವೈಶಾಲಿ’, ‘ರೂಪಾಲಿ’ಗಳನ್ನು ಬಲ್ಲದವರಾರು? ಉಡುಪಿಯ ಕಡೆಯಿಂದ ಬಂದು ಅವನ್ನು ಬೆಳೆಸಿದ ಜಗನ್ನಾಥ ಶೆಟ್ಟರು 2023ರಲ್ಲಿ ತೀರಿಕೊಂಡರು. ಕಾಲೇಜಿನಿಂದ ನಡೆದು ಬರುವ ಹುಡುಗರಿಲ್ಲದಿದ್ದರೆ ಆ ದೋಸೆಗೆ ಇಷ್ಟು ಖ್ಯಾತಿ ಬರುತ್ತಿತ್ತೇ ಎಂಬುದು ನಮ್ಮ ಸಂಶಯ.

1970ರ ದಶಕದಲ್ಲಿ ಹಾಕಿದ ಜಂಗಲೀ ಮಹಾರಾಜ ರಸ್ತೆ ತಗ್ಗು ಬೀಳದೆ ಉಳಿದು ಹೆಸರಾಯಿತು. ಆದರೆ ಗಟ್ಟಿ ರಸ್ತೆ ಗಾಡಿಗಳಿಗೆ ಒದಗಿದಷ್ಟು ನಡೆಯುವವರಿಗೆ ಒದಗಲಿಲ್ಲ. ಮುಂದೆ ಅದೂ ಕಾಲೇಜು ರಸ್ತೆಯೂ ಏಕಮುಖವಾದವು. ಗಾಡಿಗಳ ವೇಗ ಹೆಚ್ಚಿತು, ವೃದ್ಧರು ಅಂಚಿನಲ್ಲೇ ನಿಂತರು. 2016ರಲ್ಲಿ ಮಹಾನಗರಪಾಲಿಕೆ ಪಾದಚಾರಿಗಳ ಧೋರಣೆಯೊಂದನ್ನು ಒಪ್ಪಿತು. ಜಂಗಲೀ ಮಹಾರಾಜ ರಸ್ತೆಯ ಫುಟ್‌ಪಾತನ್ನು ಅಗಲಗೊಳಿಸಿ, ಮರಗಳನ್ನು ಉಳಿಸಿಕೊಂಡು, ಬೆಂಚು, ಮಕ್ಕಳ ಆಟದ ಸಾಮಾನು ಇರಿಸಿದರು. ಸಂಜೆ ಆ ಬೆಂಚುಗಳಲ್ಲಿ ಧಾರವಾಡದ ಮಾತೂ ಕಿವಿಗೆ ಬೀಳುತ್ತದೆ. ಊರು ಬಿಟ್ಟು ಮಕ್ಕಳ ಮನೆಗೆ ಬಂದ ಹಿರಿಯರಿಗೆ ಫ್ಲ್ಯಾಟಿನ ನಾಲ್ಕು ಗೋಡೆಗಳಾಚೆ ಮಾತಿಗೊಬ್ಬರು ಸಿಗುವುದು ಇಂಥಲ್ಲಿಯೇ. ಸ್ಕೂಟರು ಅಲ್ಲಿಗೂ ಹತ್ತುವುದುಂಟು, ಆ ಮಾತು ಬೇರೆ.

ಕಟ್ಟುವ ಕೆಲಸ ಜನರನ್ನು ಚದರಿಸುವುದೂ ಉಂಟು. ಮೆಟ್ರೋ ಕಾಮಗಾರಿಗಾಗಿ 2019ರ ಕೊನೆಗೆ ಇಲ್ಲಿಯ ಎಸ್.ಟಿ. ನಿಲ್ದಾಣ ವಾಕಡೇವಾಡಿಗೆ ಹೋಯಿತು. ಗಂಟುಮೂಟೆ ಹೊತ್ತವರು ರಿಕ್ಷಾ ಹಿಡಿಯಬೇಕಾಯಿತು. 2023ರ ಆಗಸ್ಟ್ 1ರಂದು ಶಿವಾಜಿನಗರಕ್ಕೆ ಮೆಟ್ರೋ ಬಂದಿತು, ನೆಲದಡಿಯಲ್ಲಿ. ಅಲ್ಲಿಂದ ಮೇಲೆ ಬಂದು ಪಾತಾಳೇಶ್ವರಕ್ಕೆ ನಡೆದರೆ ಸುಮಾರು ಕಾಲುಗಂಟೆ. ನಡುವೆ ರಸ್ತೆ ದಾಟುವಾಗ ಮಾತ್ರ ಅಜ್ಜಿಯ ಕೈ ಬಿಡುವಂತಿಲ್ಲ.